ಮರ ಹತ್ತದ ಮರಪ್ರೇಮಿ



ಇವತ್ತಿನ ನಮ್ಮ ಮಾತು ಒಂದು ಗಿಡದ ಬಗ್ಗೆ. ಸಂತೆಯಲ್ಲಿ ಕಂಡು ಕೈಚೀಲಕ್ಕೆ ಹಾಕಿಕೊಂಡು ಬರುವ ಗಿಡವಲ್ಲ, ಹುಡುಕಿ, ಕಾದು, ಒಳ್ಳೆಯ ದುಡ್ಡು ಕೊಟ್ಟು ತಂದು ಮನೆಯೊಳಗೆ ಇಟ್ಟುಕೊಳ್ಳುವ ಗಿಡ. ಅದರ ಹೆಸರು ಫಿಲೋಡೆಂಡ್ರಾನ್ ಗ್ಲೋರಿಯೋಸಮ್. ಹೆಸರು ಕೇಳಿ ಗಾಬರಿಯಾಗಿ ರೇಡಿಯೋ ಆಫ್ ಮಾಡಬೇಡಿ. ಈ ಗಿಡದ ಬಂಧುಬಳಗವೆಲ್ಲ ನಿಮಗೆ ಗೊತ್ತಿರುವವರೇ. ಕೆಲವರಂತೂ ನಿಮ್ಮ ಅಡುಗೆಮನೆಗೇ ಬಂದು ಹೋಗಿದ್ದಾರೆ.

ಪತ್ರೊಡೆ ಮಾಡುವ ಕೆಸುವಿನ ಎಲೆ ಈ ಮನೆತನದ್ದು. ಪಲ್ಯ ಮಾಡುವ ಸುವರ್ಣಗಡ್ಡೆ ಈ ಮನೆತನದ್ದು. ಮಳೆಗಾಲದಲ್ಲಿ ಮಲೆನಾಡಿನ ಮರಗಳ ಕವಲಿನಲ್ಲಿ ಹುಟ್ಟಿಕೊಳ್ಳುವ ಮರಗೆಸು, ಕೆರೆಯ ಮೇಲೆ ತೇಲುವ ಅಂತರಗಂಗೆ, ಅಷ್ಟೇಕೆ, ನಿಮ್ಮ ಫ್ಲ್ಯಾಟಿನ ಬಾಟಲಿಯಲ್ಲಿ ನೀರು ಕುಡಿದುಕೊಂಡು ಬದುಕಿರುವ ಮನಿ ಪ್ಲಾಂಟ್ ಕೂಡ ಇದೇ ಕುಟುಂಬ. ಸಸ್ಯಶಾಸ್ತ್ರದವರು ಇದನ್ನು ಅರೇಸಿಯೇ ಎನ್ನುತ್ತಾರೆ. ನಾವು ಕೆಸುವಿನ ಕುಟುಂಬ ಎಂದರೆ ಸಾಕು. ಪ್ರಪಂಚದಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ಜಾತಿಗಳಿರುವ ದೊಡ್ಡ ಕುಟುಂಬ ಇದು. ಇವರೆಲ್ಲರ ಗುರುತು ಹೂವಿನಲ್ಲಿದೆ. ಅಡಿಕೆಯ ಹಾಳೆಯಂಥ ಒಂದು ಹೊದಿಕೆ, ಅದರ ನಡುವೆ ನಿಂತ ಒಂದು ಕಡ್ಡಿ. ಆಂಥೂರಿಯಂ ಹೂವನ್ನು ಕಣ್ಣ ಮುಂದೆ ತಂದುಕೊಳ್ಳಿ, ತಿಳಿಯುತ್ತದೆ.

ಇನ್ನು ನಮ್ಮ ಗ್ಲೋರಿಯೋಸಮ್. ಇದರ ಊರು ದಕ್ಷಿಣ ಅಮೆರಿಕದ ಕೊಲಂಬಿಯಾ. 1875ರ ಕೊನೆಯಲ್ಲಿ ಎದುವಾರ್ ಆಂದ್ರೆ ಎಂಬ ಫ್ರಾನ್ಸಿನ ತೋಟಗಾರಿಕಾ ತಜ್ಞ ಆ ಕಡೆ ಪ್ರವಾಸ ಹೊರಟ. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿರುವ ಸೆಫ್ಟನ್ ಪಾರ್ಕನ್ನು ರೂಪಿಸಿದವರಲ್ಲಿ ಈತನೂ ಒಬ್ಬ. ಕೊಲಂಬಿಯಾ, ಈಕ್ವೆಡಾರುಗಳ ಕಾಡು ಬೆಟ್ಟ ಸುತ್ತಿ ನೂರಾರು ಗಿಡಗಳನ್ನು ಸಂಗ್ರಹಿಸಿದ. 1876ರಲ್ಲಿ ನಮ್ಮ ಈ ಗಿಡಕ್ಕೆ ಗ್ಲೋರಿಯೋಸಮ್ ಎಂದು ಹೆಸರಿಟ್ಟವನು ಅವನೇ. ವೈಭವದ ಗಿಡ ಎಂದು ಅರ್ಥ. ಅದೇ ಪ್ರವಾಸದಲ್ಲಿ ಕಂಡ ಇನ್ನೊಂದು ಗಿಡಕ್ಕೆ ಮುಂದೆ ಅವನ ಹೆಸರೇ ಬಂತು, ಆಂಥೂರಿಯಂ ಆಂಡ್ರಿಯಾನಮ್. ಕೊಡಗಿನ ತೋಟದ ಮನೆಗಳಲ್ಲಿ ನೆರಳುಬಲೆಯ ಕೆಳಗೆ ಬೆಳೆದು ಪೇಟೆಗೆ ಕಳಿಸುವ ಕೆಂಪು ಆಂಥೂರಿಯಂ ಇದೆಯಲ್ಲ, ಅದರ ಮೂಲ ಅದು. ಹಾಗಾಗಿ ಈ ಆಂದ್ರೆ ಮಹಾಶಯನ ಋಣ ನಮ್ಮ ಮೇಲೂ ಸ್ವಲ್ಪ ಇದೆ.

ಗಿಡ ಹೇಗಿರುತ್ತದೆ? ಹೃದಯದಾಕಾರದ ಎಲೆ, ಕೆಸುವಿನ ಎಲೆಯಷ್ಟೇ ಅಗಲ. ಆದರೆ ಮೈ ಮಖಮಲ್ಲಿನದು. ಕಡುಹಸಿರು ಮಖಮಲ್ಲಿನ ಮೇಲೆ ರಂಗೋಲಿ ಎಳೆದಂತೆ ಬೆಳ್ಳಗಿನ ನರಗಳು. ಹೊಸ ಎಲೆಯ ಅಂಚಿಗೆ ತೆಳುವಾದ ಗುಲಾಬಿ ಬಣ್ಣ. ಚೆನ್ನಾಗಿ ಬೆಳೆದ ಗಿಡದಲ್ಲಿ ಒಂದೊಂದು ಎಲೆ ಒಂದೂವರೆ ಅಡಿ ದಾಟುತ್ತದೆ. ಆ ಮಖಮಲ್ಲು ಬರಿಯ ಅಲಂಕಾರವಲ್ಲ. ಎಲೆಯ ಮೇಲ್ಪದರದ ಕೋಶಗಳು ಸಣ್ಣ ಸಣ್ಣ ಗುಳ್ಳೆಗಳಂತೆ ಉಬ್ಬಿರುತ್ತವೆ. ದಟ್ಟ ಕಾಡಿನ ನೆಲಕ್ಕೆ ಇಳಿಯುವ ಮಂದ ಬೆಳಕನ್ನು ಹಲವು ಕಡೆಯಿಂದ ಹಿಡಿದುಕೊಳ್ಳಲು ಇದು ಅನುಕೂಲ ಎಂದು ಸಸ್ಯವಿಜ್ಞಾನಿಗಳು ವಿವರಿಸುತ್ತಾರೆ.

ಈಗ ಒಂದು ತಮಾಷೆ ಕೇಳಿ. ಫಿಲೋಡೆಂಡ್ರಾನ್ ಎಂಬ ಕುಲಕ್ಕೆ ಹೆಸರಿಟ್ಟವನು ಆಸ್ಟ್ರಿಯಾದ ಹೈನ್‌ರಿಕ್ ಷಾಟ್, 1829ರಲ್ಲಿ. ಗ್ರೀಕ್ ಭಾಷೆಯಲ್ಲಿ ಫಿಲೋ ಎಂದರೆ ಪ್ರೀತಿ, ಡೆಂಡ್ರಾನ್ ಎಂದರೆ ಮರ. ಮರವನ್ನು ಪ್ರೀತಿಸುವುದು, ಮರಪ್ರೇಮಿ. ಈ ಕುಲದ ಬಹಳಷ್ಟು ಗಿಡಗಳು ಮರವನ್ನು ತಬ್ಬಿ ಹತ್ತುತ್ತವೆ, ಅದಕ್ಕೇ ಆ ಹೆಸರು. ಆದರೆ ಗ್ಲೋರಿಯೋಸಮ್ ಮರ ಹತ್ತುವುದಿಲ್ಲ. ಅದು ನೆಲದ ಮೇಲೆ ನಡೆಯುತ್ತದೆ. ಹೆಬ್ಬೆರಳು ಗಾತ್ರದ ಕಾಂಡ ತರಗೆಲೆಗಳ ಮೇಲೆ ಮಲಗಿಕೊಂಡೇ ಇಂಚು ಇಂಚಾಗಿ ಮುಂದೆ ಹೋಗುತ್ತದೆ. ಕೆಳಗಿನಿಂದ ಬೇರು ಇಳಿಸುತ್ತದೆ, ತುದಿಯಿಂದ ಎಲೆ ಎತ್ತುತ್ತದೆ. ಹಿಂದಿನ ಎಲೆ ಹಣ್ಣಾಗಿ ಬೀಳುತ್ತದೆ, ಮುಂದೆ ಹೊಸದು ಬರುತ್ತದೆ.

ಇಷ್ಟು ತಿಳಿದರೆ ಈ ಗಿಡ ಸಾಕುವ ವಿದ್ಯೆ ಮುಕ್ಕಾಲು ಪಾಲು ತಿಳಿದಂತೆ. ಯಾಕೆ ಹೀಗೆ ಹೇಳುತ್ತೇನೆಂದರೆ, ಹೋದ ವರ್ಷ ಹೈದರಾಬಾದಿನಿಂದ ನಮ್ಮ ಕೇಳುಗರೊಬ್ಬರು ಪತ್ರ ಬರೆದಿದ್ದರು. ಅವರ ಮಗನಿಗೆ ಹೊರದೇಶದಲ್ಲಿ ಕೆಲಸ ಸಿಕ್ಕಿತು. ಹೋಗುವಾಗ ತನ್ನ ಗಿಡಗಳಲ್ಲಿ ಹೆಚ್ಚಿನವನ್ನು ಸ್ನೇಹಿತರಿಗೆ ಕೊಟ್ಟು, ಇದೊಂದನ್ನು ಮಾತ್ರ "ಅಮ್ಮ, ಇದು ನಿನ್ನ ಹತ್ತಿರ ಇರಲಿ" ಎಂದು ಬಿಟ್ಟು ಹೋದನಂತೆ. ಅವನು ವಾರಕ್ಕೊಮ್ಮೆ ವೀಡಿಯೋ ಕರೆ ಮಾಡಿದಾಗ ಮೊದಲು ಕೇಳುವುದು ಗಿಡ ಹೇಗಿದೆ ಅಂತ. ತಾಯಿಗೆ ಹೇಳಲು ಸಂಕಟ. ಯಾಕೆಂದರೆ ಹೊಸದಾಗಿ ಬರುವ ಪ್ರತಿ ಎಲೆಯೂ ಹಿಂದಿನದಕ್ಕಿಂತ ಚಿಕ್ಕದು. ಕೊನೆಗೆ ಅಂಗೈಯಷ್ಟಾಗಿತ್ತು. "ನಾನು ಇಪ್ಪತ್ತೈದು ವರ್ಷ ಅಂಗಳದಲ್ಲಿ ಗಿಡ ಬೆಳೆಸಿದವಳು. ಈ ಒಂದು ಗಿಡ ನನ್ನನ್ನು ಸೋಲಿಸುತ್ತಿದೆ" ಎಂದು ಬರೆದಿದ್ದರು. ಜೊತೆಗೆ ಒಂದು ಫೋಟೋ.

ಫೋಟೋ ನೋಡಿದ ಕೂಡಲೇ ವಿಷಯ ತಿಳಿಯಿತು. ಗಿಡ ಆಳವಾದ ದುಂಡು ಕುಂಡದಲ್ಲಿತ್ತು. ನಡುವೆ ತೆಂಗಿನ ನಾರು ಸುತ್ತಿದ ಕಂಬ. ಕಾಂಡವನ್ನು ಎತ್ತಿ ನಿಲ್ಲಿಸಿ ಆ ಕಂಬಕ್ಕೆ ದಾರದಿಂದ ಕಟ್ಟಿತ್ತು. ಫಿಲೋಡೆಂಡ್ರಾನ್ ಅಂದರೆ ಹತ್ತುವ ಗಿಡ ಎಂದು ಯಾರೋ ಹೇಳಿದ್ದರಂತೆ. ನಡೆಯುವವನನ್ನು ಕಂಬಕ್ಕೆ ಕಟ್ಟಿ ನಿಲ್ಲಿಸಿದರೆ ಏನಾದೀತು? ಕಾಂಡದಿಂದ ಹೊರಟ ಹೊಸ ಬೇರುಗಳಿಗೆ ಮಣ್ಣು ಸಿಗುತ್ತಿರಲಿಲ್ಲ. ಗಾಳಿಯಲ್ಲೇ ಒಣಗುತ್ತಿದ್ದವು. ಇಡೀ ಗಿಡ ಹಳೆಯ ಬೇರಿನ ಮೇಲೆ ಬದುಕುತ್ತಿತ್ತು, ಇದ್ದ ಉಳಿತಾಯ ಕರಗಿಸಿಕೊಂಡು ಸಂಸಾರ ನಡೆಸಿದ ಹಾಗೆ.

ಅವರಿಗೆ ಬರೆದು ತಿಳಿಸಿದ್ದನ್ನೇ ಈಗ ನಿಮಗೂ ಹೇಳುತ್ತೇನೆ. ಒಂದೊಂದಾಗಿ ಕೇಳಿ.

ಮೊದಲನೆಯದು ಕುಂಡ. ಆಳ ಬೇಡ, ಉದ್ದ ಬೇಕು. ಕಿಟಕಿಯ ಕೆಳಗೆ ಇಡುವ ಆಯತಾಕಾರದ ಕುಂಡ ಸಿಗುತ್ತದಲ್ಲ, ಎರಡು ಅಡಿ ಉದ್ದದ್ದು, ಅದು ಹೇಳಿ ಮಾಡಿಸಿದಂತಿದೆ. ತಳದಲ್ಲಿ ತೂತುಗಳು ಸಾಕಷ್ಟಿರಲಿ. ಗಿಡವನ್ನು ಒಂದು ತುದಿಯಲ್ಲಿ ಇಟ್ಟು, ಬೆಳೆಯುವ ಮೊಳಕೆ ಖಾಲಿ ಜಾಗದ ಕಡೆ ಮುಖ ಮಾಡುವಂತೆ ಮಲಗಿಸಿ. ಕಾಂಡವನ್ನು ಹೂಳಬೇಡಿ. ಶುಂಠಿ, ಅರಿಶಿನದಂತೆ ಮಣ್ಣೊಳಗೆ ಹುಗಿದರೆ ಕೊಳೆಯುತ್ತದೆ. ಕಾಂಡದ ಬೆನ್ನು ಮೇಲೆ ಕಾಣುತ್ತಿರಬೇಕು, ಹೊಟ್ಟೆಯ ಕೆಳಗಿನ ಬೇರು ಮಾತ್ರ ಒಳಗೆ.

ಎರಡನೆಯದು ಮಣ್ಣು. ನಿಜ ಹೇಳಬೇಕೆಂದರೆ ಮಣ್ಣು ಬೇಡವೇ ಬೇಡ. ಮಲೆನಾಡಿನ ಸೊಪ್ಪಿನ ಬೆಟ್ಟದಲ್ಲಿ ನಡೆದವರಿಗೆ ಕಾಲಿಗೆ ಸಿಗುವ ನೆಲ ನೆನಪಿರಬಹುದು. ತರಗು, ಅರ್ಧ ಕೊಳೆತ ಎಲೆ, ಕಡ್ಡಿ, ತೊಗಟೆಯ ಚೂರು. ನೀರು ಬಿದ್ದರೆ ಒದ್ದೆಯಾಗುತ್ತದೆ, ಆದರೆ ನಿಲ್ಲುವುದಿಲ್ಲ. ಕೊಲಂಬಿಯಾದ ಕಾಡಿನ ನೆಲವೂ ಅಂಥದೇ. ತೆಂಗಿನ ಸಿಪ್ಪೆಯ ತುಂಡು, ಮರದ ತೊಗಟೆ, ಇದ್ದಿಲಿನ ಚೂರು, ಪರ್ಲೈಟ್, ಜೊತೆಗೆ ಒಂದೆರಡು ಹಿಡಿ ಎರೆಗೊಬ್ಬರ, ಇಷ್ಟು ಸೇರಿಸಿದರೆ ಸಾಕು. ತೆಂಗಿನ ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ. ಬಳಸುವ ಮುಂಚೆ ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಿ.

ಮೂರನೆಯದು ನೀರು. ಬೆರಳು ಒಂದು ಇಂಚು ಒಳಗೆ ಇಳಿಸಿ ನೋಡಿ. ತೇವ ಇದ್ದರೆ ಬೇಡ, ಒಣಗಿದ್ದರೆ ತಳದ ತೂತಿನಿಂದ ಹರಿಯುವಷ್ಟು ಹಾಕಿ. ಸೋಮವಾರ, ಗುರುವಾರ ಎಂದು ವಾರ ನಿಗದಿ ಮಾಡಬೇಡಿ. ಗಿಡಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ. ಹೈದರಾಬಾದ್, ಚೆನ್ನೈಗಳ ಬೋರ್‌ವೆಲ್ ನೀರು ಗಡಸು. ಅದರ ಉಪ್ಪು ಕೂಡುತ್ತಾ ಹೋದರೆ ಎಲೆಯ ತುದಿ ಕಂದಾಗುತ್ತದೆ. ಇನ್ನೊಂದು ಮಾತು. ಆರ್‌.ಓ. ಯಂತ್ರದಿಂದ ಹೊರಗೆ ಹೋಗುವ ನೀರನ್ನು ಹಿಡಿದಿಟ್ಟು ಗಿಡಕ್ಕೆ ಹಾಕುವ ಒಳ್ಳೆಯ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಈ ಗಿಡಕ್ಕೆ ಮಾತ್ರ ಅದು ಬೇಡ, ಉಪ್ಪೆಲ್ಲ ಸೇರಿಕೊಂಡಿರುವುದು ಅದರಲ್ಲೇ. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಮಳೆ ನೀರು ಅತ್ಯುತ್ತಮ. ಏ.ಸಿ.ಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪು ಇರುವುದಿಲ್ಲ, ಯಂತ್ರ ಶುಚಿಯಾಗಿದ್ದರೆ ಅದನ್ನೂ ಬಳಸಬಹುದು. ಅಕ್ಕಿ ತೊಳೆದ ನೀರು, ಚಹಾದ ಚರಟ ಅಂಗಳದ ಗಿಡಕ್ಕಿರಲಿ. ಮನೆಯೊಳಗಿನ ಕುಂಡಕ್ಕೆ ಹಾಕಿದರೆ ಸಣ್ಣ ನೊಣಗಳಿಗೆ ಆಮಂತ್ರಣ ಕೊಟ್ಟ ಹಾಗೆ.

ನಾಲ್ಕನೆಯದು ಬೆಳಕು. ಪೂರ್ವದ ಕಿಟಕಿ ಒಳ್ಳೆಯದು. ನಡುಮಧ್ಯಾಹ್ನ ಗಿಡ ಇಡುವ ಜಾಗದಲ್ಲಿ ಅಂಗೈ ಹಿಡಿದು ನೆರಳು ನೋಡಿ. ನೆರಳಿನ ಅಂಚು ಮಸುಕಾಗಿದ್ದರೆ ಸರಿ. ಕತ್ತರಿಯಿಂದ ಕತ್ತರಿಸಿದಂತೆ ಸ್ಪಷ್ಟವಾಗಿದ್ದರೆ ಬಿಸಿಲು ಹೆಚ್ಚು, ಎಲೆ ಸುಡುತ್ತದೆ. ನೆರಳೇ ಕಾಣದಿದ್ದರೆ ಬೆಳಕು ಸಾಲದು. ಎದುರಿಗೇ ಇನ್ನೊಂದು ಕಟ್ಟಡ ನಿಂತಿರುವ ಫ್ಲ್ಯಾಟುಗಳಲ್ಲಿ ಗಿಡಕ್ಕಾಗಿಯೇ ಮಾಡಿದ ಎಲ್.ಇ.ಡಿ. ದೀಪವನ್ನು ದಿನಕ್ಕೆ ಹತ್ತು ಹನ್ನೆರಡು ಗಂಟೆ ಹಚ್ಚಿದರೆ ಆಗುತ್ತದೆ.

ಐದನೆಯದು ಗಾಳಿಯ ತೇವ. ಇದು ಊರಿಂದ ಊರಿಗೆ ಬೇರೆ. ಗಾಳಿಯ ತೇವಾಂಶ ಶೇಕಡಾ 60ಕ್ಕಿಂತ ಮೇಲಿದ್ದರೆ ಗಿಡ ಸುಖವಾಗಿರುತ್ತದೆ. ಅದನ್ನು ಅಳೆಯುವ ಪುಟ್ಟ ಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮುಂಬೈಯವರಿಗೆ ತೇವದ ಚಿಂತೆ ಇಲ್ಲ, ಅವರ ಚಿಂತೆ ಮಳೆಗಾಲದ ನಾಲ್ಕು ತಿಂಗಳು ಕುಂಡ ಒಣಗದಿರುವುದು. ಫ್ಯಾನಿನ ಗಾಳಿ ಸ್ವಲ್ಪ ಆಡಲಿ, ನೀರು ಕಡಿಮೆ ಮಾಡಿ. ಪುಣೆ, ಹೈದರಾಬಾದುಗಳಲ್ಲಿ ಮಾರ್ಚಿಯಿಂದ ಮೇ ತನಕ ಗಾಳಿ ಒಣಗಿರುತ್ತದೆ. ಆಗ ಗಿಡಗಳನ್ನೆಲ್ಲ ಒತ್ತೊತ್ತಾಗಿ ಒಂದೇ ಕಡೆ ಇಡಿ, ಒಂದರ ಉಸಿರಿನ ತೇವ ಇನ್ನೊಂದಕ್ಕೆ ಸಿಗುತ್ತದೆ. ಚೆನ್ನೈಯಲ್ಲಿ ಅಗ್ನಿನಕ್ಷತ್ರದ ದಿನಗಳಲ್ಲಿ ಮನೆಯ ಅತ್ಯಂತ ತಂಪಾದ ಕೋಣೆಗೆ ಸಾಗಿಸಿ. ದೆಹಲಿಯವರಿಗೆ ಎರಡು ಕಷ್ಟ. ಮೇ ತಿಂಗಳ ಲೂ ಗಾಳಿ ಒಂದು. ಆಗ ಕೂಲರ್ ಇರುವ ಕೋಣೆ ಈ ಗಿಡಕ್ಕೆ ಸ್ವರ್ಗ, ಆದರೆ ಕೂಲರಿನ ಎದುರಿಗೆ ಬೇಡ. ಡಿಸೆಂಬರ್, ಜನವರಿಯ ಚಳಿ ಇನ್ನೊಂದು. ಉಷ್ಣತೆ 15 ಡಿಗ್ರಿಗಿಂತ ಕೆಳಗೆ ಹೋದರೆ ಗಿಡ ಮುದುಡುತ್ತದೆ. ರಾತ್ರಿ ಕಿಟಕಿಯಿಂದ ಒಳಗೆ ಸರಿಸಿ, ನೀರು ಕಡಿಮೆ ಮಾಡಿ, ಹೀಟರಿನ ಬಿಸಿಗಾಳಿ ತಾಗದಂತೆ ಇಡಿ.

ಎಲೆಯ ಬಗ್ಗೆ ಒಂದು ಮಾತು. ಮಖಮಲ್ಲನ್ನು ಒದ್ದೆ ಬಟ್ಟೆಯಿಂದ ಉಜ್ಜಿದರೆ ಏನಾಗುತ್ತದೋ ಈ ಎಲೆಗೂ ಅದೇ ಆಗುತ್ತದೆ. ಎಣ್ಣೆ, ಹಾಲು, ಹೊಳಪಿನ ಸ್ಪ್ರೇ ಯಾವುದೂ ಬೇಡ. ಧೂಳು ಕೂತರೆ ಮೃದುವಾದ ಕುಂಚದಿಂದ ತೆಗೆಯಿರಿ. ಹೊಸ ಎಲೆ ಒಂದು ತೆಳು ಮುಸುಕಿನೊಳಗೆ ಸುರುಳಿಯಾಗಿ ಬರುತ್ತದೆ. ಪೂರ್ತಿ ಬಿಚ್ಚಿಕೊಳ್ಳಲು ವಾರಗಳೇ ಬೇಕು. ಬೆಳಿಗ್ಗೆ ಎದ್ದು ನೋಡಿದರೆ ನಿನ್ನೆಯಷ್ಟೇ ಇರುತ್ತದೆ, ನಾಳೆಯೂ ಅಷ್ಟೇ ಇರುತ್ತದೆ. ಸಹಾಯ ಮಾಡೋಣ ಎಂದು ಉಗುರಿನಿಂದ ಬಿಡಿಸಲು ಹೋಗಬೇಡಿ. ಎಳೆ ಎಲೆ ಹರಿದರೆ ಆ ಗಾಯ ಎಲೆ ಬದುಕಿರುವಷ್ಟು ದಿನವೂ ಇರುತ್ತದೆ.

ಇನ್ನೊಂದು ಎಚ್ಚರಿಕೆ, ವಿಶೇಷವಾಗಿ ಕರಾವಳಿ, ಮಲೆನಾಡಿನವರಿಗೆ. ಎಲೆ ನೋಡಿ ಪತ್ರೊಡೆಯ ಆಸೆ ಪಡಬೇಡಿ! ಕೆಸುವಿನಲ್ಲಿ ಬಾಯಿ ತುರಿಸುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಅದಕ್ಕೇ ನಮ್ಮ ಹಿರಿಯರು ಹುಣಿಸೆಹಣ್ಣು ಹಾಕಿ, ಚೆನ್ನಾಗಿ ಬೇಯಿಸಿ ತಿನ್ನುತ್ತಿದ್ದುದು. ಫಿಲೋಡೆಂಡ್ರಾನಿನಲ್ಲೂ ಅದೇ ಹರಳು ಇದೆ, ಇದು ತಿನ್ನುವ ಗಿಡವಲ್ಲ. ಮನೆಯಲ್ಲಿ ಅಂಬೆಗಾಲಿಡುವ ಮಗು, ಬೆಕ್ಕು, ನಾಯಿ ಇದ್ದರೆ ಅವಕ್ಕೆ ಎಟುಕದಂತೆ ಇಡಿ. ಕತ್ತರಿಸಿದ ಮೇಲೆ ಕೈ ತೊಳೆದುಕೊಳ್ಳಿ.

ಇಷ್ಟು ಸಾಕುವ ಮಾತಾಯಿತು. ಈಗ ಕೊಳ್ಳುವ ಮಾತಿಗೆ ಬರೋಣ. ಯಾಕೆಂದರೆ ಅಪರೂಪದ ಗಿಡ ಎಂದ ಕೂಡಲೇ ಬೆಲೆಯ ಮಾತು ಬರುತ್ತದೆ. ಕೊರೋನಾ ಕಾಲದಲ್ಲಿ ಜಗತ್ತೆಲ್ಲ ಮನೆಯೊಳಗೆ ಕೂತಾಗ ಒಳಾಂಗಣ ಗಿಡಗಳ ಹುಚ್ಚು ಎಲ್ಲ ಕಡೆ ಹಬ್ಬಿತು. 2021ರಲ್ಲಿ ನ್ಯೂಜಿಲೆಂಡಿನ ಆನ್‌ಲೈನ್ ಹರಾಜೊಂದರಲ್ಲಿ ಕೆಸುವಿನ ಕುಟುಂಬದ್ದೇ ಒಂದು ಗಿಡ, ಬಿಳಿ ಮಚ್ಚೆಯ ಬೆರಳೆಣಿಕೆಯ ಎಲೆಗಳಿದ್ದ ರಾಫಿಡೋಫೋರಾ, 27 ಸಾವಿರ ನ್ಯೂಜಿಲೆಂಡ್ ಡಾಲರಿಗೂ ಮೇಲೆ ಹೋಯಿತು. ಆಮೇಲೆ ಪ್ರಯೋಗಾಲಯಗಳು ಅಂಗಾಂಶ ಕೃಷಿಯಿಂದ ಇಂಥ ಗಿಡಗಳನ್ನು ಸಾವಿರಗಟ್ಟಲೆ ಬೆಳೆಸಿ ಮಾರುಕಟ್ಟೆಗೆ ಬಿಟ್ಟವು. ಅನೇಕ ಗಿಡಗಳ ಬೆಲೆ ಇಳಿಯಿತು. ಗ್ಲೋರಿಯೋಸಮ್ ಕೂಡ ಈಗ ನರ್ಸರಿಗಳಲ್ಲಿ ಮೊದಲಿಗಿಂತ ಸುಲಭವಾಗಿ ಸಿಗುತ್ತದೆ.

ಬೆಲೆ ಇಳಿದರೆ ಗಿಡದ ಗೌರವ ಇಳಿಯಿತು ಎಂದು ಕೊರಗುವ ಸಂಗ್ರಾಹಕರಿದ್ದಾರೆ. ನನಗೆ ಅದು ಒಳ್ಳೆಯ ಸುದ್ದಿಯೇ. ಕಾರಣ ಹೇಳುತ್ತೇನೆ. ಬ್ರೆಜಿಲಿನ ಎಸ್ಪಿರಿಟೊ ಸಾಂಟೊ ರಾಜ್ಯದಲ್ಲಿ ಫಿಲೋಡೆಂಡ್ರಾನ್ ಸ್ಪಿರಿಟಸ್ ಸ್ಯಾಂಕ್ಟಿ ಎಂಬ ಇನ್ನೊಂದು ಜಾತಿ ಇದೆ. ವಿಜ್ಞಾನ ಅದಕ್ಕೆ ಹೆಸರು ಕೊಟ್ಟದ್ದು 1987ರಲ್ಲಿ. ಉದ್ದನೆಯ, ಜೋತುಬಿದ್ದ ಎಲೆಗಳ ಸುಂದರ ಗಿಡ. ಕಾಡಿನಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಒಂದು ಕಡೆ ಕಾಡು ಕಡಿದರು, ಇನ್ನೊಂದು ಕಡೆ ಇದ್ದದ್ದನ್ನು ಸಂಗ್ರಾಹಕರಿಗಾಗಿ ಕಿತ್ತರು. ಒಂದು ಗಿಡ ಅಪರೂಪ ಎಂದು ಗೊತ್ತಾದಷ್ಟೂ ಬೆಲೆ ಏರುತ್ತದೆ, ಬೆಲೆ ಏರಿದಷ್ಟೂ ಕೀಳುವ ಕೈಗಳು ಹೆಚ್ಚುತ್ತವೆ, ಕಿತ್ತಷ್ಟೂ ಅದು ಇನ್ನೂ ಅಪರೂಪವಾಗುತ್ತದೆ. ಈ ಚಕ್ರವನ್ನು ನಿಲ್ಲಿಸಲು ನಮ್ಮಂಥ ಕೊಳ್ಳುವವರ ಕೈಯಲ್ಲಿ ಇರುವುದು ಒಂದೇ ಪ್ರಶ್ನೆ. "ಈ ಗಿಡ ಎಲ್ಲಿ ಬೆಳೆದದ್ದು?" ನರ್ಸರಿಯಲ್ಲೇ ತುಂಡಿನಿಂದ ಅಥವಾ ಅಂಗಾಂಶ ಕೃಷಿಯಿಂದ ಬೆಳೆದದ್ದು ಎಂಬ ನೇರ ಉತ್ತರ ಬಂದರೆ ತೆಗೆದುಕೊಳ್ಳಿ. ಉತ್ತರ ತೊದಲಿದರೆ ನಮಸ್ಕಾರ ಹೇಳಿ ಬನ್ನಿ.

ಇನ್ನೆರಡು ವಿಷಯ ಗಮನಿಸಿ. ಗ್ಲೋರಿಯೋಸಮ್ ಅನ್ನು ಮೆಲನೋಕ್ರೈಸಮ್ ಎಂಬ ಹತ್ತುವ ಜಾತಿಯೊಂದಿಗೆ ಕೂಡಿಸಿದ ತಳಿ ಒಂದಿದೆ, ಅದರ ಹೆಸರು ಗ್ಲೋರಿಯಸ್. ಹೆಸರು ಹತ್ತಿರ ಹತ್ತಿರ, ಎಲೆಯೂ ಹತ್ತಿರ ಹತ್ತಿರ. ಆದರೆ ಗ್ಲೋರಿಯಸ್ ಹತ್ತುತ್ತದೆ, ಅದಕ್ಕೆ ಕಂಬ ಬೇಕು. ಕೊಳ್ಳುವಾಗ ಎಲೆ ನೋಡಿ ಮರುಳಾಗದೆ ಕಾಂಡ ನೋಡಿ, ಮಲಗಿದೆಯೋ, ನಿಂತಿದೆಯೋ. ಹಾಗೆಯೇ ಪಿಂಕ್ ಕಾಂಗೊ ಎಂಬ ಹೆಸರಿನಲ್ಲಿ ಗುಲಾಬಿ ಎಲೆಯ ಫಿಲೋಡೆಂಡ್ರಾನ್ ಬಹಳ ಮಾರಾಟವಾಗಿತ್ತು. ಅದು ಹುಟ್ಟುಬಣ್ಣವಲ್ಲ, ರಾಸಾಯನಿಕದ ಉಪಚಾರದಿಂದ ಬಂದದ್ದು. ಕೆಲವು ತಿಂಗಳಲ್ಲಿ ಹೊಸ ಎಲೆಗಳು ಮಾಮೂಲಿ ಹಸಿರಾಗಿ ಬರುತ್ತವೆ.

ಥಾಯ್ಲೆಂಡಿಗೋ, ಇಂಡೋನೇಷ್ಯಾಕ್ಕೋ ಪ್ರವಾಸ ಹೋದವರು ಅಲ್ಲಿನ ಮಾರುಕಟ್ಟೆಯಲ್ಲಿ ಅಗ್ಗ ಎಂದು ಗಿಡವನ್ನು ಸೂಟ್‌ಕೇಸಿನಲ್ಲಿ ಸುತ್ತಿಕೊಂಡು ಬರುವ ಯೋಚನೆ ಮಾಡಬಾರದು. ನಮ್ಮ ದೇಶದ 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಗಿಡ ತರಲು ಆಮದು ಪರವಾನಗಿ ಬೇಕು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಇದು ಬರಿಯ ಕಾಗದದ ಕಾಟವಲ್ಲ. 2008ರಲ್ಲಿ ಕೊಯಮತ್ತೂರಿನ ಕಡೆ ಪಪ್ಪಾಯಿ ಗಿಡಗಳ ಮೇಲೆ ಬೆಳ್ಳಗಿನ ಒಂದು ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಅದರ ಮೂಲ ಮೆಕ್ಸಿಕೊ. ನೋಡನೋಡುತ್ತಲೇ ಪಪ್ಪಾಯಿ, ಹಿಪ್ಪುನೇರಳೆ ತೋಟಗಳನ್ನು ಹಾಳುಮಾಡುತ್ತಾ ನಮ್ಮ ಕರ್ನಾಟಕದ ರೈತರ ಹೊಲಕ್ಕೂ ಬಂತು. ಕೊನೆಗೆ 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಸ್ಥೆಯ ವಿಜ್ಞಾನಿಗಳು ಆ ತಿಗಣೆಯನ್ನು ಕೊಲ್ಲುವ ಪುಟ್ಟ ಪರತಂತ್ರ ಕಣಜಗಳನ್ನು ಪೋರ್ಟೊರಿಕೊದಿಂದ ತರಿಸಿ ಬಿಟ್ಟ ಮೇಲೆ ಹಾವಳಿ ತಗ್ಗಿತು. ಹೊರಗಿನ ಕೀಟ ಒಂದು ಹೊಲಕ್ಕೆ ಇಳಿದರೆ ಎಷ್ಟು ಜನರ ಅನ್ನ ಅಲುಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ನಮ್ಮ ಕಿಟಕಿಯ ಒಂದು ಚೆಂದದ ಎಲೆಗಾಗಿ ಯಾರದೋ ಹೊಲವನ್ನು ಪಣಕ್ಕಿಡುವುದು ಬೇಡ. ಇಲ್ಲಿಯ ನರ್ಸರಿಯಿಂದ ಕೊಂಡ ಗಿಡವನ್ನೂ ಮೊದಲ ಮೂರು ವಾರ ಬೇರೆ ಗಿಡಗಳಿಂದ ದೂರವಿಟ್ಟು, ಎಲೆಯ ಅಡಿ, ತೊಟ್ಟಿನ ಸಂದು ಪರೀಕ್ಷಿಸಿ. ಹತ್ತಿಯಂಥ ಬಿಳಿ ಗುಡ್ಡೆ ಕಂಡರೆ ಹಿಟ್ಟು ತಿಗಣೆ. ಎಲೆಯಡಿಯಲ್ಲಿ ಸಣ್ಣ ಬಲೆ ಕಂಡರೆ ನುಸಿ.

ಕೊನೆಯದಾಗಿ ಒಂದು ಮುಖ್ಯ ವಿಷಯ. ಎರಡು ಮೂರು ವರ್ಷದಲ್ಲಿ ಗಿಡ ನಡೆಯುತ್ತಾ ನಡೆಯುತ್ತಾ ಕುಂಡದ ಇನ್ನೊಂದು ತುದಿಗೆ ಬಂದು ಮುಟ್ಟುತ್ತದೆ. ಮುಂದೆ ಜಾಗವಿಲ್ಲ. ಆಗ ಏನು ಮಾಡಬೇಕು? ಕತ್ತರಿಸಬೇಕು. ಮುಂದಿನ ಭಾಗದಲ್ಲಿ ಎರಡು ಮೂರು ಎಲೆ, ಒಳ್ಳೆಯ ಬೇರು ಉಳಿಯುವಂತೆ ನೋಡಿಕೊಂಡು, ಸ್ಪಿರಿಟಿನಿಂದ ಒರೆಸಿದ ಹರಿತವಾದ ಚಾಕುವಿನಿಂದ ಕಾಂಡವನ್ನು ಅಡ್ಡಕ್ಕೆ ಕತ್ತರಿಸಿ. ಗಾಯ ಒಂದು ದಿನ ಗಾಳಿಗೆ ಒಣಗಲಿ. ಮುಂದಿನ ಭಾಗವನ್ನು ಮತ್ತೆ ಕುಂಡದ ಆರಂಭಕ್ಕೆ ತಂದು ಮಲಗಿಸಿ. ಹಿಂದೆ ಉಳಿದ, ಎಲೆ ಇಲ್ಲದ ಬೋಳು ಕಾಂಡ ಇದೆಯಲ್ಲ, ಅದನ್ನು ಎಸೆಯಬೇಡಿ. ಅದರ ಗಿಣ್ಣುಗಳಲ್ಲಿ ಮಲಗಿರುವ ಕಣ್ಣುಗಳಿವೆ. ಎರಡು ಮೂರು ಗಿಣ್ಣಿನ ತುಂಡುಗಳನ್ನಾಗಿ ಮಾಡಿ, ತೇವದ ತೆಂಗಿನ ನಾರಿನ ಮೇಲೆ ಇಟ್ಟು, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಬೆಚ್ಚಗೆ ಇಡಿ. ಒಂದೆರಡು ತಿಂಗಳಲ್ಲಿ ಒಂದೊಂದು ಕಣ್ಣೂ ತೆರೆದು ಹೊಸ ಗಿಡವಾಗುತ್ತದೆ. ಮುಂಬೈ, ಪುಣೆ, ಹೈದರಾಬಾದಿನವರಿಗೆ ಇದಕ್ಕೆ ಮಳೆಗಾಲದ ಆರಂಭ ಒಳ್ಳೆಯ ಸಮಯ, ದೆಹಲಿಯವರಿಗೆ ಜುಲೈ, ಆಗಸ್ಟ್. ಚೆನ್ನೈಯವರು ಬೇಸಿಗೆಯ ಉರಿ ಕಳೆಯುವ ತನಕ ಕಾಯಲಿ.

ಹೈದರಾಬಾದಿನ ಆ ತಾಯಿ ಗಿಡವನ್ನು ಕಂಬದಿಂದ ಬಿಚ್ಚಿ ಉದ್ದನೆಯ ಕುಂಡದಲ್ಲಿ ಮಲಗಿಸಿದರು. ನೀಳವಾಗಿ ಬೆಳೆದಿದ್ದ ಕಾಂಡವನ್ನು ಎರಡು ಮಾಡಿದರು. ಎರಡು ತಿಂಗಳು ಏನೂ ಆಗಲಿಲ್ಲವಂತೆ. ಮೂರನೇ ತಿಂಗಳು ಬಂದ ಎಲೆ ಅಂಗೈ ದಾಟಿತ್ತು. ಹಿಂದಿನ ತುಂಡೂ ಚಿಗುರಿತು. "ಮಗ ಬರುವ ತನಕ ಎರಡನ್ನೂ ಇಟ್ಟುಕೊಳ್ಳೋಣ ಎಂದಿದ್ದೆ. ಆದರೆ ಪಕ್ಕದ ಮನೆಯ ತೆಲುಗು ಹುಡುಗಿ ದಿನಾ ಬಂದು ನೋಡುತ್ತಿದ್ದಳು. ಒಂದನ್ನು ಅವಳಿಗೆ ಕೊಟ್ಟೆ. ಮಗನಿಗೆ ಹೇಳಿದಾಗ ಅವನು ನಕ್ಕು, ನನಗೂ ಅದು ಹಾಗೇ ಸಿಕ್ಕಿದ್ದು ಎಂದ" ಎಂದು ಬರೆದರು.

ನಮ್ಮ ಸಾಗರ, ಶಿರಸಿಯ ಕಡೆ ಮಳೆಗಾಲ ಹತ್ತಿರ ಬಂದರೆ ಹೆಂಗಸರ ನಡುವೆ ಡೇರೆ ಗಡ್ಡೆಯ ವಿನಿಮಯ ನಡೆಯುತ್ತದೆ. ನಿಮ್ಮಲ್ಲಿ ಇಲ್ಲದ ಬಣ್ಣ ನಾನು ಕೊಡುತ್ತೇನೆ, ನನ್ನಲ್ಲಿ ಇಲ್ಲದ್ದು ನೀವು ಕೊಡಿ. ದುಡ್ಡಿನ ಮಾತೇ ಇಲ್ಲ. ಆ ಡೇರೆಯೂ ಮೆಕ್ಸಿಕೊದಿಂದ ಬಂದ ಹೂವೇ. ಸಮುದ್ರ ದಾಟಿ ಬಂದ ಗಿಡ ಅಂಗಳದಿಂದ ಅಂಗಳಕ್ಕೆ, ಸೆರಗಿನ ಗಂಟಿನಿಂದ ಸೆರಗಿನ ಗಂಟಿಗೆ ದಾಟಿ ನಮ್ಮದೇ ಆಗಿಬಿಟ್ಟಿತು. ಅದನ್ನು ಯಾರೂ ಬೀರುವಿನಲ್ಲಿ ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ. ಅದಕ್ಕೇ ಒಬ್ಬರ ಮನೆಯಲ್ಲಿ ಗಡ್ಡೆ ಕೊಳೆತು ಹೋದ ವರ್ಷವೂ ಇನ್ನೊಬ್ಬರ ಮನೆಯಲ್ಲಿ ಆ ಬಣ್ಣ ಉಳಿದಿರುತ್ತದೆ.

ಅಪರೂಪದ ಗಿಡ ಸಾಕುವವರೂ ಇದನ್ನೇ ಮಾಡಬಹುದು. ನಿಮ್ಮ ಗ್ಲೋರಿಯೋಸಮ್ ಕುಂಡದ ತುದಿ ಮುಟ್ಟಿದ ದಿನ ಒಂದು ತುಂಡನ್ನು ನಿಮ್ಮ ಕನ್ನಡ ಸಂಘದ ಸ್ನೇಹಿತರಿಗೋ, ನೆರೆಮನೆಯವರಿಗೋ ಕೊಡಿ. ಹೀಗೆ ಕೈಯಿಂದ ಕೈಗೆ ಸಿಗುವ ಗಿಡಕ್ಕಾಗಿ ಯಾರೂ ಕಾಡಿಗೆ ಗುದ್ದಲಿ ಹಿಡಿದು ಹೋಗಬೇಕಾಗಿಲ್ಲ. ನಿಮ್ಮದು ಎಂದಾದರೂ ಸತ್ತರೆ ಕೇಳಿ ತರಲು ಒಂದು ಮನೆಯೂ ಇರುತ್ತದೆ. ಕೊಡುವಾಗ ಒಂದು ಮಾತು ಹೇಳಲು ಮಾತ್ರ ಮರೆಯಬೇಡಿ. ಇದನ್ನು ಕಂಬಕ್ಕೆ ಕಟ್ಟಬೇಡಿ, ಇದು ನಡೆಯುವ ಗಿಡ.